ಮೊದಲ ನೀರು ಚೆಲ್ಲಬೇಡಿ

ಕುವೈತಿನಲ್ಲಿ ಜುಲೈ ತಿಂಗಳಲ್ಲಿ ಉಣ್ಣೆಯ ಮಂಕಿ ಕ್ಯಾಪ್ ಕೇಳಿಕೊಂಡು ಅಂಗಡಿ ಅಂಗಡಿ ಸುತ್ತಿದ ಹೆಂಗಸು ಇಡೀ ದೇಶದಲ್ಲಿ ಒಬ್ಬರೇ ಒಬ್ಬರು. ಅವರೇ ನನಗೆ ಗುರುವಾಗಿ ಗಂಟುಬೀಳಬೇಕೆ! ಹೊರಗೆ ಕಾರಿನ ಬಾಗಿಲ ಹಿಡಿ ಮುಟ್ಟಿದರೆ ಚುರ್ ಅನ್ನುವ ಬಿಸಿಲು. ಅಂಥದ್ದರಲ್ಲಿ ನಮ್ಮ ಆಂಟಿ ಚೂಡಿದಾರದ ಮೇಲೆ ಸ್ವೆಟರ್, ಕಾಲಿಗೆ ದಪ್ಪ ಕಾಲುಚೀಲ, ತಲೆಗೆ ಕೆಂಪು ಮಂಕಿ ಕ್ಯಾಪ್ ಏರಿಸಿಕೊಂಡು ಸಾಲ್ಮಿಯಾದ ಜಮಿಯಾದಲ್ಲಿ, ಅಂದರೆ ಅವರ ಬಡಾವಣೆಯ ಸಹಕಾರಿ ಅಂಗಡಿಯಲ್ಲಿ, ಟೊಮೆಟೊ ಆರಿಸುತ್ತಾ ನಿಂತಿರುತ್ತಿದ್ದರು. ಒಮ್ಮೆ ಬಾಗಿಲ ಹತ್ತಿರದ ಸೆಕ್ಯೂರಿಟಿಯವನು ಪಾಪ, ಗಾಬರಿಯಾಗಿ, "ಮೇಡಂ, ಮೈಗೆ ಹುಷಾರಿಲ್ಲವಾ? ಜ್ವರವಾ?" ಅಂತ ಕೇಳಿದನಂತೆ. ಇವರು, "ನನಗೆ ಎಂಥ ಜ್ವರವೂ ಇಲ್ಲ. ನನ್ನ ಪ್ರೋಟೀನಿಗೆ ಸೆಕೆ ಆಗ್ತದೆ, ಅದಕ್ಕೆ" ಅಂದರಂತೆ. ಅವನು ಅಂದಿನಿಂದ ಇವರನ್ನು ಕಂಡರೆ ದೂರದಿಂದಲೇ ಸಲಾಮು ಹೊಡೆಯುತ್ತಿದ್ದ.

ಆಂಟಿ ಅಂದರೆ ನನ್ನ ನೆಂಟರೇನಲ್ಲ. ಅವರು ಮಂಗಳೂರು ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ನಾನು ಹಾಸನದವಳು. ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯ ಲ್ಯಾಬಿನಲ್ಲಿ ಅವರು ತಲೆ ನೆರೆಯುವ ಮೊದಲಿನಿಂದಲೂ ಇದ್ದವರು, ಲ್ಯಾಬೆಲ್ಲ ಅವರ ಕೈಯಲ್ಲೇ. ಹಾಲು, ರಕ್ತ, ಗಿಡಮೂಲಿಕೆ, ಯಾವುದನ್ನು ಕೊಟ್ಟರೂ ಅದರೊಳಗಿನ ಸಾವಿರಾರು ಪ್ರೋಟೀನುಗಳ ಗುಂಪಿನಿಂದ ಬೇಕಾದ ಒಂದನ್ನೇ ಹೆಕ್ಕಿ, ಸೋಸಿ, ಚೊಕ್ಕ ಮಾಡಿ ಕೊಡುವುದು ಅವರ ಕೆಲಸ. ಆ ಕೆಲಸ ಫ್ರಿಜ್ಜಿನಷ್ಟು ತಣ್ಣಗಿರುವ ಕೋಣೆಯಲ್ಲೇ ಆಗಬೇಕು, ಇಲ್ಲದಿದ್ದರೆ ಪ್ರೋಟೀನು ಕೆಟ್ಟುಹೋಗುತ್ತದೆ. ಆ ಕೋಲ್ಡ್ ರೂಮಿನಲ್ಲಿ ದಿನವೆಲ್ಲ ನಿಂತು ನಿಂತು ಆಂಟಿಗೆ ಹೊರಗೂ ಚಳಿ ಬಿಡುತ್ತಿರಲಿಲ್ಲ.

ನನಗೂ ಅವರಿಗೂ ಗಂಟುಬಿದ್ದದ್ದು ಫಿಂಟಾಸ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದ ಒಂದು ಊಟದ ದಿನ. ಕಾಫಿ ಉಸ್ತುವಾರಿ ನನ್ನದು. ಹಾಸನದವಳಲ್ಲವೇ, ಒಂದು ಲೋಟ ಮೇಲೆ, ಒಂದು ಲೋಟ ಕೆಳಗೆ ಹಿಡಿದು, ಗಜ ಎತ್ತರದಿಂದ ಸುರಿದು ಸುರಿದು ನೊರೆ ಎಬ್ಬಿಸುತ್ತಿದ್ದೆ. ಎಲ್ಲರೂ ಮೆಚ್ಚಿ ನೋಡುತ್ತಿದ್ದಾಗ ಹಿಂದಿನಿಂದ ಒಂದು ಕಿರುಚಾಟ!

"ಏಯ್ ಏಯ್, ಎಂಥದು ಮಾರಾಯ್ತಿ ನೀವು ಮಾಡುದು! ನೊರೆ ಬರಿಸ್ಬೇಡಿ, ಸತ್ತೇ ಹೋಗ್ತಾರೆ!"

ಲೋಟ ಕೈಜಾರುವುದೊಂದು ಬಾಕಿ. "ಯಾರು ಆಂಟಿ ಸಾಯೋದು?"

"ಹಾಲಿನ ಒಳಗೆ ಇರುವವರು!"

ನಾನು ನಿಜವಾಗಿಯೂ ಬಗ್ಗಿ ಲೋಟದೊಳಗೆ ನೋಡಿದೆ ಕಣ್ರೀ. ನೊಣವೇನಾದರೂ ಬಿದ್ದಿದೆಯೇನೋ ಅಂತ! ಅವರು ಹೇಳುತ್ತಿದ್ದದ್ದು ಪ್ರೋಟೀನಿನ ಬಗ್ಗೆ. ಹಾಲನ್ನು ಹೀಗೆ ಕಲಕಿ ನೊರೆ ಎಬ್ಬಿಸಿದರೆ ಪ್ರೋಟೀನುಗಳು ಮಡಿಕೆ ಬಿಚ್ಚಿಕೊಂಡು ಹಾಳಾಗುತ್ತವೆ. ಆ ಗಡಿಬಿಡಿಯಲ್ಲಿ ನನ್ನ ಬಾಯಿಂದ ಹಳೆಯ ಪಾಠ ತಾನಾಗಿ ಉದುರಿತು: "ಕುದಿಸಿದ ಹಾಲಲ್ವಾ ಆಂಟಿ, ಅವರೆಲ್ಲ ಆಗಲೇ ಸತ್ತಿರ್ತಾರೆ ಬಿಡಿ."

ಆಂಟಿ ಅಲ್ಲೇ ನಿಂತುಬಿಟ್ಟರು. ಮಂಕಿ ಕ್ಯಾಪಿನೊಳಗಿಂದ ಎರಡು ಕಣ್ಣು ನನ್ನನ್ನು ಮೇಲಿಂದ ಕೆಳಗೆ ಅಳೆದವು.

"ನೀವು ಓದಿದ್ದು ಎಂಥ?"

"ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಅದೆಲ್ಲ ಹಳೇ ಕಥೆ ಆಂಟಿ."

"ಹಳೆದಾದ್ರೆ ಎಂಥ? ಫ್ರಿಜ್ಜಲ್ಲಿ ಇಟ್ಟಿದ್ರಾ, ಹೊರಗೆ ಬಿಟ್ಟಿದ್ರಾ?"

"ಹದಿನೈದು ವರ್ಷದಿಂದ ಅಡುಗೆಮನೇಲಿ ಇಟ್ಟಿದ್ದೀನಿ" ಅಂದೆ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಂಟಿ ಮಾತ್ರ ನಗಲಿಲ್ಲ.

ಈಗ ನನ್ನ ಕಥೆಯನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ಮೈದಾನ್ ಹವಲ್ಲಿಯಲ್ಲಿ ನಮ್ಮ ಫ್ಲ್ಯಾಟು. ಗಂಡ ಎಂಜಿನಿಯರ್, ಒಬ್ಬಳು ಮಗಳು. ಮದುವೆಯಾಗಿ ಬಂದ ದಿನದಿಂದ ನನ್ನ ಇಕಾಮಾ, ಅಂದರೆ ಈ ದೇಶದಲ್ಲಿರೋಕೆ ಕೊಡುವ ಪರವಾನಗಿ, ಗಂಡನ ಹೆಸರಿಗೆ ಜೋತುಬಿದ್ದಿರುವಂಥದ್ದು. ಅವರಿದ್ದರೆ ನಾನಿದ್ದೇನೆ. ಅದರಲ್ಲಿ ತಪ್ಪೇನಿದೆ ಅಂತ ನೀವು ಕೇಳಬಹುದು. ತಪ್ಪೇನೂ ಇಲ್ಲ. ಆದರೆ ಯಾವ ಕೌಂಟರಿಗೆ ಹೋದರೂ "ಮೇಡಂ, ನಿಮ್ಮ ಯಜಮಾನರು ಬರಲಿಲ್ಲವಾ?" ಅನ್ನುವ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಒಂದು ಕಾರ್ಡಿನ ಮೇಲಾದರೂ ನನ್ನ ಕೆಲಸದ ಹೆಸರು ಇರಬೇಕು ಅನ್ನುವ ಆಸೆ ಒಗ್ಗರಣೆಯ ಹೊಗೆಯಲ್ಲೂ ಹೋಗಿರಲಿಲ್ಲ.

ಆಂಟಿ ಫೋನ್ ಮಾಡಿ ಇಂಟರ್‌ವ್ಯೂಗೆ ಕರೆಸಿದರು. ಲ್ಯಾಬಿನ ಮುಖ್ಯಸ್ಥೆ ಒಬ್ಬರು ಕುವೈತಿ ವಿಜ್ಞಾನಿ, ಎಲ್ಲರೂ ದಕ್ತೂರಾ ಅನ್ನುತ್ತಾರೆ. ಜೊತೆಗೆ ಇನ್ನಿಬ್ಬರು. ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ನಾನು ಬೆಬ್ಬೆಬ್ಬೆ ಅಂದೆ. ಮಿಕ್ಕ ಅರ್ಧಕ್ಕೆ ಅದೂ ಅನ್ನಲಿಲ್ಲ. ಮನೆಗೆ ಬಂದು ಗಂಡನಿಗೆ "ಖಲಾಸ್, ಮುಗೀತು" ಅಂದು ಚಪಾತಿ ಹಿಟ್ಟು ಕಲಸಲು ಕೂತೆ. ಮರುವಾರ ನೋಡಿದರೆ, ಮೂರು ತಿಂಗಳು ಕೆಲಸ ಕಲಿಯಲು ಬನ್ನಿ ಅಂತ ಕರೆ! ಮೂರು ತಿಂಗಳ ಕೊನೆಗೆ ನಾನೇ ನನ್ನ ಕೈಯಾರೆ ಒಂದು ಪ್ರೋಟೀನನ್ನು ಶುದ್ಧ ಮಾಡಿ ದಕ್ತೂರಾಗೆ ತೋರಿಸಬೇಕು. ತೋರಿಸಿದರೆ ಕೆಲಸ, ಇಕಾಮಾ ನನ್ನ ಹೆಸರಿಗೆ. ತೋರಿಸದಿದ್ದರೆ ಮತ್ತೆ ಚಪಾತಿ ಹಿಟ್ಟು. ಯಾಕೆ ಕರೆದರು ಅನ್ನುವುದು ಮಾತ್ರ ಆಗ ನನಗೆ ಹೊಳೆಯಲೇ ಇಲ್ಲ. ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ಆ ಮೂರು ತಿಂಗಳು ಮುಗಿಯುವ ಹೊತ್ತಿಗೇ ಆಂಟಿ ನಿವೃತ್ತಿಯಾಗಿ, ಅಂಕಲ್ ಜೊತೆ ಮಂಗಳೂರಿಗೆ ಹೊರಟುಬಿಡುವವರಿದ್ದರು. ಆಮೇಲೆ ಹೇಳಿಕೊಡುವವರು ಯಾರೂ ಇಲ್ಲ.

ಅಯ್ಯೋ, ಆ ಮೂರು ತಿಂಗಳು! ಬೆಳಕು ಹರಿಯುವ ಮೊದಲೇ ಎದ್ದು ಮೂವರಿಗೆ ಡಬ್ಬಿ ಕಟ್ಟಿ, ಫೋರ್ತ್ ರಿಂಗ್ ರೋಡಿನಲ್ಲಿ ಆಮೆಯ ಹಾಗೆ ತೆವಳಿ, ಲ್ಯಾಬ್ ಸೇರುವಷ್ಟರಲ್ಲೇ ನನ್ನ ಜೀವ ಅರ್ಧ ಆಗಿರುತ್ತಿತ್ತು. ಆಮೇಲೆ ಶುರು ನಿಲ್ಲುವ ಕೆಲಸ. ಪ್ರೋಟೀನ್ ಶುದ್ಧ ಮಾಡುವುದೆಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಬಣ್ಣಬಣ್ಣದ ಹೊಗೆ ಏಳುತ್ತದೆ ಅಂದುಕೊಂಡಿದ್ದರೆ ಮರೆತುಬಿಡಿ. ಒಂದು ಗಾಜಿನ ಕೊಳವೆ. ಅದರ ತುಂಬ ನೆನೆದ ರವೆಯಂಥ ಕಾಳು. ಅದಕ್ಕೆ ಕಾಲಂ ಅನ್ನುತ್ತಾರೆ. ಮೇಲಿಂದ ಹಾಲಿನ ತಿಳಿ ಬಿಡಬೇಕು. ನಮಗೆ ಬೇಕಾದ ಪ್ರೋಟೀನು ಆ ಕಾಳಿಗೆ ಅಂಟಿಕೊಳ್ಳುತ್ತದೆ, ಬೇಡದ್ದು ಕೆಳಗೆ ತೊಟ್ಟಿಕ್ಕುತ್ತದೆ. ಆಮೇಲೆ ಉಪ್ಪುನೀರು ಬಿಟ್ಟರೆ ಅಂಟಿದ್ದು ಸಡಿಲವಾಗಿ ಇಳಿದು ಬರುತ್ತದೆ. ಇಷ್ಟೇ! ಇಷ್ಟಕ್ಕೆ ಹನಿ, ಹನಿ, ಹನಿ ನೋಡುತ್ತಾ ಚಳಿಯಲ್ಲಿ ನಿಂತು ನಿಂತು ನನ್ನ ಮಂಡಿ ಮಾತಾಡೋಕೆ ಶುರುಮಾಡಿತು.

"ಸ್ವಲ್ಪ ಜೋರಾಗಿ ಬಿಡೋಣ್ವಾ ಆಂಟಿ?" ಅಂತ ಒಮ್ಮೆ ಕೇಳಿದೆ.

"ಹೆರಿಗೆಗೆ ಹೋದವಳಿಗೆ ಬೇಗ ಬೇಗ ಅಂತ ಹೇಳ್ತಾರಾ?"

"ಹೇಳ್ತಾರೆ ಆಂಟಿ. ನನಗೆ ಹೇಳಿದ್ರು."

"ಆ ಡಾಕ್ಟರು ಸರಿ ಇರ್ಲಿಲ್ಲ" ಅಂದು ಆಂಟಿ ಕಾಲಂ ಕಡೆ ತಿರುಗಿದರು.

ಅವರ ಧರ್ಮಶಾಸ್ತ್ರದಲ್ಲಿ ಮುಖ್ಯವಾದವು ಎರಡೇ ಕಟ್ಟಳೆ. ಮೊದಲನೆಯದು, ಕಾಲಂನಿಂದ ಮೊದಲು ತೊಟ್ಟಿಕ್ಕುವ ನೀರನ್ನು ಚೆಲ್ಲಬಾರದು. ಇಂಗ್ಲಿಷಿನಲ್ಲಿ ಅದಕ್ಕೆ ದೊಡ್ಡ ಹೆಸರಿದೆ, ಆಂಟಿ ಕರೆಯುತ್ತಿದ್ದದ್ದು "ಮೊದಲ ನೀರು" ಅಂತ. "ಅದು ಬೇಡದ ನೀರಲ್ವಾ ಆಂಟಿ?" ಅಂದರೆ, "ಬೇಡದ್ದು ಅಂತ ನಿನಗೆ ಹೇಳಿದ್ದು ಯಾರು? ಕೆಲವು ಸಲ ಅಂಟಬೇಕಾದವಳು ಅಂಟುದಿಲ್ಲ. ಸುಮ್ನೆ ಇಳ್ದು ಹೋಗಿರ್ತಾಳೆ. ಅವಳು ಎಲ್ಲಿ ಉಂಟು ಅಂತ ಗೊತ್ತಾಗುವವರೆಗೆ ಎಂಥದೂ ಚೆಲ್ಲಬಾರದು!" ಅನ್ನುತ್ತಿದ್ದರು. ನಿಯಮ ಲ್ಯಾಬಿಗಷ್ಟೇ ಆಗಿದ್ದರೆ ಸರಿ. ಅವರ ಮನೆಯ ಫ್ರಿಜ್ಜು ತೆಗೆದು ನೋಡಬೇಕಿತ್ತು ನೀವು! ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು, ಪನೀರು ಸೋಸಿದ ನೀರು, ಎಲ್ಲಕ್ಕೂ ಬಿಳಿ ಟೇಪು ಅಂಟಿಸಿ ಹೆಸರು, ತಾರೀಕು. ಒಮ್ಮೆ ಅಂಕಲ್ ಬಿಸಿಲಲ್ಲಿ ಬಂದವರು ಮಜ್ಜಿಗೆ ಅಂದುಕೊಂಡು ಏನನ್ನೋ ಎತ್ತಿ ಗಟಗಟ ಕುಡಿದರಂತೆ. ಏನದು ಅಂತ ಕೇಳಿದ್ದಕ್ಕೆ ಆಂಟಿ ಲೇಬಲ್ ಓದಿ, "ಬಂಗುಡೆ, ಎರಡನೇ ತೊಳೆತ" ಅಂದರಂತೆ. ಆ ಮನುಷ್ಯ ಅವತ್ತಿನಿಂದ ನೇರ ನಲ್ಲಿಯ ನೀರು ಕುಡಿಯುತ್ತಾರೆ.

ಎರಡನೆಯ ಕಟ್ಟಳೆ, ಏನೇ ಇದ್ದರೂ ಅರ್ಧ ಇಲ್ಲಿ, ಅರ್ಧ ಅಲ್ಲಿ. ಒಂದು ಪಾಲು ನಮ್ಮ ಕೋಲ್ಡ್ ರೂಮಿನಲ್ಲಿ, ಇನ್ನೊಂದು ಪಾಲು ಮೇಲಿನ ಮಹಡಿಯ ಫ್ರಿಜ್ಜಿನಲ್ಲಿ. ಲಿಫ್ಟು ಇತ್ತು, ಆದರೆ ಅದು ಕುಲುಕುತ್ತದೆ, ಕುಲುಕಿದರೆ ನೊರೆ ಬರುತ್ತದೆ. ಹಾಗಾಗಿ ಮೆಟ್ಟಿಲು! ಒಂದು ದಿನ ನಾನು ಮೂಗಿನಲ್ಲೇ ಗೊಣಗಿದ್ದು ಅವರಿಗೆ ಕೇಳಿಸಿತು. ಡಬ್ಬಿಯ ಊಟ ಮಾಡುತ್ತಾ, ಉಪ್ಪಿನಕಾಯಿ ನೆಕ್ಕುತ್ತಾ, ಮಾತಿಗೆ ಮಾತು ಅನ್ನುವ ಹಾಗೆ ಹೇಳಿದರು.

"ಯುದ್ಧಕ್ಕೆ ಮೂರು ವರ್ಷ ಮೊದಲು ನಾನು ಮದುವೆಯಾಗಿ ಬಂದದ್ದು. ಇದೇ ಲ್ಯಾಬು. ಎರಡು ವರ್ಷ ದುಡಿದು ಒಂದು ಪ್ರೋಟೀನ್ ಚೊಕ್ಕ ಮಾಡಿ ಫ್ರೀಜರಲ್ಲಿ ಇಟ್ಟಿದ್ದೆ. ಆಮೇಲೆ ಗೊತ್ತುಂಟಲ್ಲ, ಒಂದು ಬ್ಯಾಗು ಹಿಡ್ಕೊಂಡು, ಬಸ್ಸಲ್ಲಿ, ಮರುಭೂಮಿ ದಾಟಿ ಜೋರ್ಡಾನಿಗೆ. ಎಲ್ಲ ಮುಗಿದ ಮೇಲೆ ಬಂದು ನೋಡ್ತೇನೆ, ಪ್ರೋಟೀನ್ ಇಲ್ಲ."

"ಕರೆಂಟ್ ಹೋಗಿ ಕೆಟ್ಟುಹೋಗಿತ್ತಾ ಆಂಟಿ?"

"ಕೆಡ್ಲಿಕ್ಕೆ ಫ್ರೀಜರ್ ಬೇಕಲ್ಲ ಮಾರಾಯ್ತಿ. ಫ್ರೀಜರೇ ಇರ್ಲಿಲ್ಲ, ಯಾರೋ ಹೊತ್ಕೊಂಡು ಹೋಗಿದ್ರು! ಎಲ್ಲ ಒಂದೇ ಕಡೆ ಇಟ್ಟದ್ದು, ನನ್ನದೇ ತಪ್ಪು."

ಒಂದು ದೇಶದ ಮೇಲೆ ಇನ್ನೊಂದು ದೇಶ ಏರಿ ಬಂದದ್ದು ತಪ್ಪಲ್ಲ, ಇವರು ಅರ್ಧ ಬೇರೆ ಕಡೆ ಇಡದಿದ್ದದ್ದು ತಪ್ಪು! ನಗಬೇಕೋ ಅಳಬೇಕೋ ತಿಳಿಯದೆ ನಾನು ಮೆಟ್ಟಿಲು ಹತ್ತಿದೆ.

ನನಗೆ ಕೊಟ್ಟಿದ್ದ ಪ್ರೋಟೀನು ಒಂಟೆಯ ಹಾಲಿನದು. ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಜಾತಿ. ಹಾಗಾಗಿ ಚೊಕ್ಕವಾದಾಗ ತಿಳಿ ಗುಲಾಬಿ ಬಣ್ಣ. ಆಂಟಿ ಅದನ್ನು ಮದುಮಗಳು ಅನ್ನುತ್ತಿದ್ದರು. "ನೆಂಟರೆಲ್ಲ ಮೊದಲು ಇಳೀತಾರೆ, ಮದುಮಗಳು ಕೊನೆಗೆ ಬರ್ತಾಳೆ, ಕಾಯ್ಬೇಕು." ಹಾಲು ಅಂಗಡಿಯದ್ದು ಆಗಬಾರದು, ಕಾಯಿಸಿರುತ್ತಾರೆ. ಆದ್ದರಿಂದ ಒಂದು ಬೆಳಗ್ಗೆ ಅಂಕಲ್ ಕಾರಿನಲ್ಲಿ ನಾವು ಮೂವರು, ಒಂದು ಐಸ್ ಪೆಟ್ಟಿಗೆ ಇಟ್ಟುಕೊಂಡು, ಊರ ಹೊರಗೆ ಮರಳುಗಾಡಿನ ಒಂಟೆ ಹಟ್ಟಿಗೆ ಹೋದೆವು. ಸುಡಾನಿನ ಒಬ್ಬ ಎತ್ತರದ ಮನುಷ್ಯ ಒಂಟಿಕಾಲಲ್ಲಿ ನಿಂತು, ಇನ್ನೊಂದು ಮಂಡಿಯ ಮೇಲೆ ಬೋಗುಣಿ ಇಟ್ಟುಕೊಂಡು ಸರ್ ಸರ್ ಅಂತ ಹಾಲು ಕರೆದ. ಒಂಟೆಯ ಹಾಲು ಹೇಗಿರುತ್ತದೆ ಗೊತ್ತೇ? ಬೋಗುಣಿಯ ಕಂಠದ ಮೇಲೆ ನೊರೆಯ ಗುಡ್ಡ! ಅವನು ಹೆಮ್ಮೆಯಿಂದ ಆ ಗುಡ್ಡವನ್ನು ಆಂಟಿಯ ಮುಖದ ಮುಂದೆ ಹಿಡಿದ.

ಆಂಟಿ ಕಣ್ಣು ಮುಚ್ಚಿಕೊಂಡು ಶಿಲುಬೆಯ ಗುರುತು ಹಾಕಿಕೊಂಡರು. "ಇವನಿಗೆ ಮೆಲ್ಲಗೆ ಕರೀಲಿಕ್ಕೆ ಹೇಳಿ" ಅಂತ ಅಂಕಲ್‌ಗೆ ಅಪ್ಪಣೆಯಾಯಿತು. ಅಂಕಲ್ ತಮಗೆ ಗೊತ್ತಿದ್ದ ಅರಬ್ಬಿಯಲ್ಲಿ ಹೇಳಿದರು. ಅವನು ಒಂಟೆಯ ಕಡೆ ಕೈ ತೋರಿಸಿ ಏನೋ ಅಂದ.

"ಏನಂತೆ?" ಅಂದರು ಆಂಟಿ.

"ಒಂಟೆಗೆ ಹೇಳ್ಬೇಕಂತೆ" ಅಂದರು ಅಂಕಲ್.

ಆ ಮೊದಲ ಸಲದ ಹಾಲು ನೊರೆಯಲ್ಲೇ ಹೋಯಿತು ಅಂತ ಆಂಟಿಯ ತೀರ್ಪು. ಎರಡನೆಯ ಸಲದ್ದು ನನ್ನ ಕೈಯಲ್ಲಿ ಹೋಯಿತು, ಅದಕ್ಕೆ ಯಾರ ತೀರ್ಪೂ ಬೇಕಾಗಲಿಲ್ಲ. ಶುದ್ಧವಾಯಿತೋ ಇಲ್ಲವೋ ನೋಡುವುದು ಜೆಲ್ ಮೇಲೆ. ಅದು ಹಪ್ಪಳದಷ್ಟು ತೆಳ್ಳಗಿನ ಜೆಲ್ಲಿಯ ಹಲಗೆ. ಮೇಲಂಚಿನ ಕುಳಿಗಳಲ್ಲಿ ಪ್ರೋಟೀನ್ ಹಾಕಿ ಕರೆಂಟು ಕೊಟ್ಟರೆ ಅದು ಕೆಳಗೆ ಇಳಿಯುತ್ತದೆ. ದೊಡ್ಡದು ಮೇಲೇ ನಿಲ್ಲುತ್ತದೆ, ಚಿಕ್ಕದು ಕೆಳಗೆ ಓಡುತ್ತದೆ. ನೀಲಿ ಬಣ್ಣ ಹಾಕಿದಾಗ ಒಂದೇ ಒಂದು ಗೆರೆ ಕಂಡರೆ ಪ್ರೋಟೀನು ಚೊಕ್ಕ, ಹತ್ತಾರು ಗೆರೆ ಕಂಡರೆ ಸಂತೆ. ನನಗೆ ಒಂದೂ ಕಾಣಲಿಲ್ಲ! ಹಲಗೆ ಖಾಲಿ! ಆಂಟಿ ಬಂದು, ವೈರುಗಳನ್ನು ನೋಡಿ, ಬೆರಳು ತೋರಿಸಿದರು. ಕೆಂಪು ವೈರು ಹಾಕಬೇಕಾದಲ್ಲಿ ಕಪ್ಪು, ಕಪ್ಪಿನಲ್ಲಿ ಕೆಂಪು. ಕೆಳಗೆ ಇಳಿಯಬೇಕಾದ ಪ್ರೋಟೀನೆಲ್ಲ ಮೇಲಕ್ಕೆ ಹತ್ತಿ ನೀರು ಪಾಲಾಗಿತ್ತು. ವಾರಗಟ್ಟಲೆ ದುಡಿದದ್ದು! ಸಿಕ್ಕಿದ್ದೇ ಚೂರು ಅಂತ ಅರ್ಧ ಎತ್ತಿಡದೆ ಅಷ್ಟನ್ನೂ ಹಾಕಿಬಿಟ್ಟಿದ್ದೆ.

ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತೆ. ನಾಚಿಕೆಗಿಂತ ಸುಸ್ತು ಜಾಸ್ತಿ. "ನನ್ನ ಕೈಲಿ ಆಗಲ್ಲ ಆಂಟಿ, ವಯಸ್ಸಾಯ್ತು, ಬಿಟ್ಟುಬಿಡ್ತೀನಿ" ಅಂದೆ. ಆಂಟಿ ಸಮಾಧಾನ ಹೇಳುವವರಲ್ಲ. ಫ್ಲಾಸ್ಕಿನಿಂದ ಒಂದು ಲೋಟ ಕಪ್ಪು ಚಹಾ ಬಗ್ಗಿಸಿ, ನೊರೆ ಬಾರದಂತೆ ಮೆಲ್ಲಗೆ, ನನ್ನ ಕೈಗೆ ಕೊಟ್ಟು, "ಕಣ್ಣೀರಲ್ಲಿಯೂ ಇದೇ ಪ್ರೋಟೀನ್ ಉಂಟು, ಗೊತ್ತುಂಟಾ? ಸುಮ್ನೆ ವೇಸ್ಟ್ ಮಾಡ್ಬೇಡ" ಅಂದರು.

ಮೂರನೆಯ ಸಲದ ಹಾಲೇ ಕೊನೆಯದು. ಆಂಟಿ ಹೊರಡುವ ವಾರ. ಗುರುವಾರ ದಕ್ತೂರಾ ಜೆಲ್ ನೋಡುವವರು, ಶುಕ್ರವಾರ ಆಂಟಿಯ ವಿಮಾನ. ಇಷ್ಟರಲ್ಲಿ ನನಗೂ ಅವರ ಗಾಳಿ ಸೋಕಿತ್ತು ಅನ್ನಿ. ಮನೆಯಲ್ಲಿ ಕಾಫಿ ಎತ್ತಿ ಸುರಿಯುವುದು ನಿಂತಿತ್ತು. ಗಂಡ, "ಇದೇನೇ, ಕಷಾಯದ ಹಾಗಿದೆ" ಅಂದರೆ, "ಸುಮ್ನೆ ಕುಡೀರಿ" ಅನ್ನುತ್ತಿದ್ದೆ. ಮಗಳು ಫ್ರಿಜ್ಜು ತೆಗೆದು, "ಅಮ್ಮಾ, ಯು ಆರ್ ಬಿಕಮಿಂಗ್ ದಟ್ ಮಂಕಿ ಕ್ಯಾಪ್ ಆಂಟಿ!" ಅಂತ ಹೆದರಿಸುತ್ತಿದ್ದಳು.

ಮಂಗಳವಾರ ಬೆಳಗ್ಗೆ ಹಾಲಿನ ತಿಳಿಯನ್ನು ಕಾಲಂಗೆ ಬಿಟ್ಟೆ. ಮೊದಲ ನೀರು ಇಳಿಯಿತು. ಕಟ್ಟಳೆಯ ಪ್ರಕಾರ ಅರ್ಧ ದೊಡ್ಡದೊಂದು ಗಾಜಿನ ಫ್ಲಾಸ್ಕಿನಲ್ಲಿ ಕೋಲ್ಡ್ ರೂಮಿನಲ್ಲೇ ಇಟ್ಟೆ. ಇನ್ನರ್ಧ ಒಂದು ಬಾಟಲಿಗೆ ಹಾಕಿ, ಮಂಡಿಗೆ ಶಾಪ ಹಾಕುತ್ತಾ, ಮೆಟ್ಟಿಲು ಹತ್ತಿ ಮೇಲಿನ ಫ್ರಿಜ್ಜಿಗೆ ಸೇರಿಸಿ ಬಂದೆ. ಮಧ್ಯಾಹ್ನ ಆಂಟಿಗೆ ಬೀಳ್ಕೊಡುಗೆ ಅಂತ ಆಫೀಸಿನವರು ಕೇಕು ತಂದಿದ್ದರು. ಆಂಟಿ ಹೋಗಿ ಕೇಕು ಕೊಯ್ದು ಬೇಗನೆ ವಾಪಸು ಬಂದರು. ಬಂದವರೇ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ತಮ್ಮ ಜಾಗ ಖಾಲಿ ಮಾಡಿಕೊಡಬೇಕಲ್ಲ ಅಂತ ಇದ್ದಬದ್ದ ಗಾಜಿನ ಸಾಮಾನೆಲ್ಲ ತೊಳೆಯತೊಡಗಿದರು. ನಾನು ಕಾಲಂಗೆ ಉಪ್ಪುನೀರು ಬಿಟ್ಟು ಮದುಮಗಳಿಗಾಗಿ ಕಾಯುತ್ತಾ ನಿಂತೆ.

ನೆಂಟರು ಇಳಿದರು. ಕಾಯುತ್ತಾ ನಿಂತೆ. ಉಪ್ಪುನೀರೆಲ್ಲ ಮುಗಿಯಿತು. ಗುಲಾಬಿ ಬರಲೇ ಇಲ್ಲ. ಹನಿಗಳು ಬರೀ ನೀರಿನ ಬಣ್ಣ.

"ಆಂಟಿ" ಅಂದೆ.

ಅವರು ಬಂದು ನೋಡಿದರು. ಉಪ್ಪು ಅಳೆಯುವ ಮೀಟರನ್ನು ತಂದು ಒಂದೊಂದೇ ದ್ರಾವಣವನ್ನು ಅಳೆದರು. ಅಳೆಯುತ್ತಾ ಅವರ ಮುಖ ಸಣ್ಣಗಾಯಿತು. ಕಾಲಂಗೆ ಬಿಡುವ ಮೊದಲು ಹಾಲಿನ ತಿಳಿಯನ್ನು ಒಂದು ಚೀಲದಲ್ಲಿ ಕಟ್ಟಿ ಸಪ್ಪೆ ದ್ರಾವಣದಲ್ಲಿ ರಾತ್ರಿಯಿಡೀ ಮುಳುಗಿಸಿಡಬೇಕು, ಅದರಲ್ಲಿರುವ ಉಪ್ಪೆಲ್ಲ ಇಳಿದುಹೋಗಲಿ ಅಂತ. ಹಿಂದಿನ ಸಂಜೆ ನನ್ನನ್ನು "ನೀನು ಮನೆಗೆ ಹೋಗು, ಮುಖ ನೋಡು ಹೇಗೆ ಬಾಡಿ ಹೋಗಿದೆ" ಅಂತ ಕಳಿಸಿ, ಆ ಚೀಲ ಮುಳುಗಿಸಿದ್ದು ಆಂಟಿ. ಸಪ್ಪೆಯ ಕ್ಯಾನೂ ಉಪ್ಪಿನ ಕ್ಯಾನೂ ಅಕ್ಕಪಕ್ಕ ಇದ್ದವು. ಇವರು ಮುಳುಗಿಸಿದ್ದು ಉಪ್ಪಿನದರಲ್ಲಿ. ಉಪ್ಪಿದ್ದರೆ ಮದುಮಗಳು ಕಾಳಿಗೆ ಅಂಟುವುದೇ ಇಲ್ಲ, ಮೊದಲ ನೀರಿನ ಜೊತೆಗೇ ಇಳಿದುಬಿಡುತ್ತಾಳೆ.

"ಹೆದರ್ಬೇಡ" ಅಂದರು. "ಮೊದಲ ನೀರಲ್ಲಿ ಉಂಟು. ತಾ ಇಲ್ಲಿ ಆ ಫ್ಲಾಸ್ಕು."

ಕೋಲ್ಡ್ ರೂಮಿನ ಕಪಾಟಿನಲ್ಲಿ ಫ್ಲಾಸ್ಕಿರಲಿಲ್ಲ. ಇಬ್ಬರೂ ತಿರುಗಿ ನೋಡಿದೆವು. ಸಿಂಕಿನ ಪಕ್ಕ, ತೊಳೆದಿಟ್ಟ ಗಾಜುಗಳ ಸಾಲಿನಲ್ಲಿ, ಆ ದೊಡ್ಡ ಫ್ಲಾಸ್ಕು ಬೋರಲಾಗಿ ನಿಂತು ನೀರಿಳಿಸುತ್ತಿತ್ತು. ನಾನು ಅಂಟಿಸಿದ್ದ ಲೇಬಲ್ ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು.

ಆಂಟಿ ಅದನ್ನೇ ನೋಡುತ್ತಾ ನಿಂತರು. ಬೈಗುಳ, ಗದರಿಕೆ, ಗಾದೆ, ಏನೂ ಇಲ್ಲ. ಮಂಕಿ ಕ್ಯಾಪಿನೊಳಗೆ ಅವರ ಮುಖ ಇದ್ದಕ್ಕಿದ್ದ ಹಾಗೆ ಮುದುಕಿಯದಾಗಿಬಿಟ್ಟಿತು.

"ನಾನು ಚೆಲ್ಲಿದೆ" ಅಂದರು. ಜಾಲರಿಯಿಂದ ಲೇಬಲ್ ಬಿಡಿಸಿ ತೆಗೆಯುತ್ತಾ, "ಇಷ್ಟು ವರ್ಷದಲ್ಲಿ ಒಂದು ಹನಿ ಚೆಲ್ಲಿದವಳಲ್ಲ. ಹೋಗ್ಬೇಕು ಅಂತ ಉಂಟಲ್ಲ ಮಾರಾಯ್ತಿ, ನನಗೆ ಇಲ್ಲಿ ಎಂಥದೂ ಕಾಣುದಿಲ್ಲ ಈಗ. ನಿನ್ನದು ಹಾಳು ಮಾಡಿಬಿಟ್ಟೆ" ಅಂದರು.

ಅವರು ಅಷ್ಟು ಹೇಳುವವರೆಗೂ ನನಗೆ ನೆನಪೇ ಆಗಿರಲಿಲ್ಲ ನೋಡಿ! ನೆನಪಾದದ್ದೇ ತಡ, ನಾನು ಓಡಿದೆ. ಮಂಡಿ ಗಿಂಡಿ ಏನೂ ಜ್ಞಾಪಕಕ್ಕೆ ಬರಲಿಲ್ಲ. ಮೇಲಿನ ಫ್ರಿಜ್ಜಿನಿಂದ ಬಾಟಲಿ ತೆಗೆದು ಎದೆಗೊತ್ತಿಕೊಂಡು, ಕುಲುಕದ ಹಾಗೆ ಒಂದೊಂದೇ ಮೆಟ್ಟಿಲು ಇಳಿದು ಬಂದೆ.

"ಅರ್ಧ ಇಲ್ಲಿ, ಅರ್ಧ ಅಲ್ಲಿ" ಅಂದೆ. ಬಾಟಲಿಯನ್ನು ಅವರ ಮುಂದೆ ಹಿಡಿದೆ.

ಆಂಟಿ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬೆಳಕಿಗೆ ಹಿಡಿದರು. ಕನ್ನಡಕ ಒರೆಸಿಕೊಂಡು ಲೇಬಲ್ ಓದಿದರು. ಈಗ ನನ್ನನ್ನು ತಬ್ಬಿಕೊಳ್ಳುತ್ತಾರೆ ಅಂದುಕೊಂಡೆ.

"ತಾರೀಕು ಎಲ್ಲಿ? ಬರೇ ಹೆಸರು ಬರ್ದಿದ್ದೀ! ಇಷ್ಟು ಸಮಯ ಎಂಥ ಕಲ್ತದ್ದು ನೀನು?"

ಅಬ್ಬ! ಬೈಗುಳ ಕೇಳಿ ಅಷ್ಟು ಸಂತೋಷ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಆ ಅರ್ಧವನ್ನೇ ಸಪ್ಪೆ ದ್ರಾವಣದಲ್ಲಿ ಮತ್ತೆ ಮುಳುಗಿಸಿಟ್ಟು, ಬುಧವಾರ ಕಾಲಂಗೆ ಬಿಟ್ಟೆವು. ಈ ಸಲ ಆಂಟಿ ಏನನ್ನೂ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದರು. ನೆಂಟರು ಇಳಿದರು. ಆಮೇಲೆ ಕಾಳಿನ ನಡುವೆ ತಿಳಿ ಗುಲಾಬಿಯ ಒಂದು ಪಟ್ಟಿ ಮೂಡಿ, ಮೆಲ್ಲ ಮೆಲ್ಲಗೆ ಕೆಳಗೆ ಸರಿಯತೊಡಗಿತು. "ಬಂದಳು" ಅಂದರು ಆಂಟಿ, ಉಸಿರಿನಲ್ಲೇ.

ಗುರುವಾರದ ಜೆಲ್‌ನಲ್ಲಿ ಕೆಂಪು ವೈರು ಕೆಂಪಿಗೆ, ಕಪ್ಪು ಕಪ್ಪಿಗೆ ಇದೆಯೇ ಅಂತ ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನೀಲಿ ಬಣ್ಣ ತೊಳೆದಾಗ ಇದ್ದದ್ದು ಒಂದೇ ಗೆರೆ. ದಕ್ತೂರಾ ಹಲಗೆಯನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ನೋಡಿ, ಬಣ್ಣ ಅಳೆಯುವ ಯಂತ್ರದ ಗೆರೆಯನ್ನೂ ನೋಡಿ, "ಯಲ್ಲಾ, ಆಯಿತು, ಭಾನುವಾರದಿಂದ ನೀವು ನಮ್ಮವರು. ಕಾಗದಪತ್ರ ಶುರುಮಾಡಿ" ಅಂದರು. ಪ್ರಮಾಣ ಯಾಕೆ ಇಷ್ಟು ಕಡಿಮೆ ಅಂತ ಕೇಳಿದರು. ಆಂಟಿ ಬಾಯಿ ತೆರೆದರು. ನಾನು ಮುಂಚೆಯೇ, "ಅರ್ಧ ಬೇರೆ ಕಡೆ ಹೋಯಿತು ದಕ್ತೂರಾ" ಅಂದೆ. ಸುಳ್ಳೇನೂ ಅಲ್ಲವಲ್ಲ, ಸಿಂಕೂ ಒಂದು ಕಡೆಯೇ.

ಶುಕ್ರವಾರ ಮಧ್ಯಾಹ್ನ ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ಆಂಟಿಯ ಕೈಯಲ್ಲಿ ನೀರಿನ ಬಾಟಲಿ. "ಒಳಗೆ ಬಿಡಲ್ಲ ಆಂಟಿ, ಚೆಲ್ಲಿಬಿಡಿ" ಅಂದೆ. ಚೆಲ್ಲುವುದೇ! ಅಷ್ಟು ಜನರ ಮಧ್ಯೆ ನಿಂತು, ಒಂದು ಹನಿ ಬಿಡದೆ ಎತ್ತಿ ಕುಡಿದರು. ಅಂಕಲ್ ಬೇರೆ ಕಡೆ ನೋಡುತ್ತಾ ನಿಂತಿದ್ದರು, ಅಭ್ಯಾಸ ಅವರಿಗೆ.

ಬಾಯಿ ಒರೆಸಿಕೊಂಡು ಆಂಟಿ ನನ್ನ ಕೈ ಹಿಡಿದರು. ಕೋಲ್ಡ್ ರೂಮಿನ ಹೊರಗೂ ಆ ಕೈ ತಣ್ಣಗಿತ್ತು.

"ನಿನಗೆ ಒಂದು ಹೇಳ್ಲಿಕ್ಕುಂಟು. ಇಂಟರ್‌ವ್ಯೂ ದಿನ ನೀನು ಹೋದ ಮೇಲೆ ಅವರೆಲ್ಲ ಬೇಡ ಅಂದ್ರು. ಹದಿನೈದು ವರ್ಷ ಅಡುಗೆಮನೆಯಲ್ಲಿ ಇದ್ದವಳು, ಎಲ್ಲ ಮರೆತು ಹೋಗಿದೆ, ಇವಳಲ್ಲಿ ಏನೂ ಉಳಿದಿಲ್ಲ ಅಂತ."

"ಅದು ಸರೀನೇ ಇತ್ತಲ್ಲ ಆಂಟಿ. ಮತ್ತೆ ನೀವೇನಂದ್ರಿ?"

"ನಾನು ಎಂಥ ಹೇಳುದು? ಮೊದಲ ನೀರು ಚೆಲ್ಬೇಡಿ, ಎಲ್ಲಿ ಉಂಟು ಅಂತ ನೋಡುವಾ ಅಂದೆ."

ಅಷ್ಟು ಹೇಳಿ, ಮಂಕಿ ಕ್ಯಾಪು ಸರಿಮಾಡಿಕೊಂಡು, ಹಿಂತಿರುಗಿ ನೋಡದೆ ಒಳಗೆ ನಡೆದುಬಿಟ್ಟರು. ಗಾಜಿನ ಆಚೆ ಆ ಕೆಂಪು ಟೋಪಿ ಸಾಲಿನಲ್ಲಿ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಕಾಣಲಿಲ್ಲ.

ಮನೆಗೆ ಬಂದಾಗ ಮೈ ಹಣ್ಣಾಗಿತ್ತು. ಹಾಗಂತ ಅಡುಗೆ ಬಿಡುತ್ತದೆಯೇ? ಅಕ್ಕಿ ತೊಳೆದೆ. ಮೊದಲ ನೀರನ್ನು ಸಿಂಕಿಗೆ ಬಗ್ಗಿಸಲು ಪಾತ್ರೆ ಎತ್ತಿದವಳು ಹಾಗೇ ನಿಂತುಬಿಟ್ಟೆ. ಮಗಳು ನೀರು ಕುಡಿಯಲು ಬಂದವಳು ನನ್ನ ಮುಖ ನೋಡಿ, "ಅಮ್ಮಾ, ವೈ ಆರ್ ಯು ಕ್ರೈಯಿಂಗ್? ಇಟ್ಸ್ ಜಸ್ಟ್ ರೈಸ್ ವಾಟರ್!" ಅಂದಳು.

"ಆ ಡ್ರಾಯರಿನಲ್ಲಿ ಬಿಳಿ ಟೇಪು ಇದೆ, ಕೊಡು" ಅಂದೆ. ನೀರನ್ನು ನೊರೆ ಬಾರದಂತೆ ಮೆಲ್ಲಗೆ ಒಂದು ಬಾಟಲಿಗೆ ಬಗ್ಗಿಸಿ, ಹೆಸರು ಬರೆದೆ. ಮರೆಯದೆ ತಾರೀಕನ್ನೂ ಬರೆದು ಫ್ರಿಜ್ಜಿನಲ್ಲಿಟ್ಟೆ.